ಪಾತ್ರೆ ತೊಳೆದ ಪಾದ್ರಿ

ಜರ್ಮನ್ ಪಾದ್ರಿ ಎಂದೊಡನೆ ಕನ್ನಡಿಗರಾದ ನಮಗೆ ಥಟ್ಟನೆ ನೆನಪಾಗುವುದು ಎರಡು ಹೆಸರು. ಒಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟೆಲ್ ಅವರದು. ಇನ್ನೊಂದು, 1843ರಲ್ಲಿ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗ್ ಅವರದು. ಧರ್ಮಪ್ರಸಾರಕ್ಕೆಂದು ಬಂದ ಇವರು ನಮ್ಮ ಭಾಷೆಯ ಸೇವೆ ಮಾಡಿದರೆಂದು ಶಾಲೆಯ ಪಾಠಗಳಲ್ಲಿ ಓದಿದ್ದೇವೆ, ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಅವರನ್ನು ಬೆಳೆಸಿದ ಆ ದೇಶದ ಚರ್ಚು ಮುಂದೆ ಎಂಥ ಅಗ್ನಿಪರೀಕ್ಷೆಗೆ ಒಳಗಾಯಿತು, ಆ ಪರೀಕ್ಷೆಯಲ್ಲಿ ಎಷ್ಟು ಜನ ಪಾದ್ರಿಗಳು ಗೆದ್ದರು, ಎಷ್ಟು ಜನ ಸೋತರು ಎಂಬ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ನಾನು ಹೇಳಹೊರಟಿರುವುದು ಅಂಥ ಒಬ್ಬ ಪಾದ್ರಿಯ ಕಥೆ. ಹೆಸರು ಡೀಟ್ರಿಖ್ ಬೋನ್‌ಹೋಫರ್. ಹಿಟ್ಲರನನ್ನು ವಿರೋಧಿಸಿ ಪ್ರಾಣ ಕೊಟ್ಟವನೆಂದು ಆತನ ಖ್ಯಾತಿ. ಆ ಸಾಹಸದ ಭಾಗವನ್ನು ಬಲ್ಲವರು ಅನೇಕರಿದ್ದಾರೆ. ನನ್ನನ್ನು ಸೆಳೆದದ್ದು ಮಾತ್ರ ಅದಕ್ಕೂ ಮುಂಚಿನ ಎರಡೂವರೆ ವರ್ಷಗಳ ಒಂದು ಸಣ್ಣ ಪ್ರಯೋಗ. ನಾಲ್ಕು ಜನ ಒಂದು ಸೂರಿನ ಕೆಳಗೆ ಸೇರಿ ಬಾಳುವುದು ಹೇಗೆ? ಅವರಲ್ಲಿ ಮುಂದೆ ನಿಂತವನು ಹೇಗಿರಬೇಕು? ಕೂಡುಕುಟುಂಬದಲ್ಲಿ ಸೊಸೆಯಾಗಿ ಬಾಳಿದವರಿಗೆ, ಮಹಿಳಾ ಸಮಾಜದಲ್ಲೋ ಭಜನಾ ಮಂಡಳಿಯಲ್ಲೋ ಚರ್ಚಿನ ಸ್ತ್ರೀಯರ ಕೂಟದಲ್ಲೋ ದುಡಿದವರಿಗೆ ಈ ಪ್ರಶ್ನೆಗಳು ಹೊಸವಲ್ಲ. ಅವುಗಳನ್ನು ಒಬ್ಬ ಪಂಡಿತ ಗಂಡಸು ಇಷ್ಟು ಗಂಭೀರವಾಗಿ ತೆಗೆದುಕೊಂಡನಲ್ಲ ಎಂಬುದೇ ನನ್ನ ಕುತೂಹಲಕ್ಕೆ ಮೂಲ.

ಬೋನ್‌ಹೋಫರ್ ಹುಟ್ಟಿದ್ದು 1906ರ ಫೆಬ್ರವರಿ 4ರಂದು, ಬ್ರೆಸ್ಲಾವ್ ನಗರದಲ್ಲಿ. ಈಗ ಅದು ಪೋಲೆಂಡಿನಲ್ಲಿದೆ. ಎಂಟು ಮಕ್ಕಳ ತುಂಬು ಸಂಸಾರ. ಜೊತೆಯಲ್ಲೇ ಹುಟ್ಟಿದವಳು ಅವಳಿ ತಂಗಿ ಸಬೀನೆ. ತಂದೆ ಹೆಸರಾಂತ ಮನೋವೈದ್ಯ. ತಾಯಿ ಪೌಲಾ ಶಿಕ್ಷಕಿಯ ಪರೀಕ್ಷೆ ಪಾಸು ಮಾಡಿದ್ದವಳು. ಮಕ್ಕಳಿಗೆ ಮೊದಲ ವರ್ಷಗಳ ಪಾಠವನ್ನು ಮನೆಯಲ್ಲೇ ಹೇಳಿಕೊಟ್ಟಳು. 1918ರಲ್ಲಿ, ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ, ಮಗ ವಾಲ್ಟರ್ ರಣರಂಗದಲ್ಲಿ ಸತ್ತ. ಆ ದುಃಖ ಮನೆಯಿಂದ ಬಹುಕಾಲ ಹೋಗಲಿಲ್ಲ. ವಿಜ್ಞಾನ, ಕಾನೂನು ಎಂದು ಓದುತ್ತಿದ್ದ ಅಣ್ಣಂದಿರ ನಡುವೆ ಹುಡುಗ ಡೀಟ್ರಿಖ್ ತಾನು ಪಾದ್ರಿಯಾಗುತ್ತೇನೆ ಎಂದಾಗ ಅವರು ನಕ್ಕರಂತೆ. ಚರ್ಚು ಎನ್ನುವುದು ನಿಸ್ಸತ್ವವಾದ, ಸಣ್ಣತನದ ಸಂಸ್ಥೆ ಎಂಬುದು ಅವರ ವಾದ. ಹಾಗಿದ್ದರೆ ನಾನು ಅದನ್ನು ಸರಿಮಾಡುತ್ತೇನೆ ಎಂಬರ್ಥದ ಉತ್ತರ ಈ ಹುಡುಗನದು. ಹದಿಹರೆಯದ ಜಂಬ ಎನ್ನಿ, ಆದರೆ ಆತ ಆ ಮಾತನ್ನು ಮರೆಯಲಿಲ್ಲ.

1927ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಆತ ಡಾಕ್ಟರೇಟಿಗೆಂದು ಬರೆದ ಪ್ರಬಂಧದ ವಿಷಯ ಕೂಡ ಇದೇ. ಚರ್ಚು ಎಂದರೇನು? ಅದು ಕಟ್ಟಡವೋ, ಆಡಳಿತವೋ, ಅಥವಾ ಒಬ್ಬರಿಗೊಬ್ಬರು ಹೊಣೆಯಾದ ಜನರ ಕೂಟವೋ? ಪುಸ್ತಕದಲ್ಲಿ ಉತ್ತರ ಬರೆಯುವುದು ಸುಲಭ. ಕೆಲವೇ ವರ್ಷಗಳಲ್ಲಿ ಬರ್ಲಿನ್ನಿನ ಬಡವರ ಬಡಾವಣೆಯೊಂದರಲ್ಲಿ ಹುಡುಗರಿಗೆ ಧರ್ಮೋಪದೇಶದ ಪಾಠ ಹೇಳುವ ಕೆಲಸ ಆತನ ಪಾಲಿಗೆ ಬಂತು. ಸುಮಾರು ಐವತ್ತು ಹುಡುಗರು; ಹಿಂದಿದ್ದ ಪಾದ್ರಿಯನ್ನು ಹೈರಾಣಾಗಿಸಿದ್ದ ಪುಂಡರು. ಹೊಸ ಪಾದ್ರಿ ಮೆಟ್ಟಿಲೇರಿ ಬರುವಾಗ ಮೇಲಿನಿಂದ ಕಸ ಎಸೆದು, ಆತನ ಹೆಸರಿನ ತುಂಡೊಂದನ್ನು ಹಿಡಿದು ಕೂಗಿ ಸ್ವಾಗತಿಸಿದರಂತೆ. ಆತ ಗದರಲಿಲ್ಲ. ಗೋಡೆಗೊರಗಿ ಸುಮ್ಮನೆ ನಿಂತ. ಆಮೇಲೆ ಮುಂದಿದ್ದ ಕೆಲವರಿಗೆ ಮಾತ್ರ ಕೇಳುವಷ್ಟು ಮೆಲುದನಿಯಲ್ಲಿ ಮಾತಾಡತೊಡಗಿದ. ಏನು ಹೇಳುತ್ತಿದ್ದಾನೆ ಎಂದು ಕೇಳಲು ಉಳಿದವರೂ ಬಾಯಿ ಮುಚ್ಚಿದರು. ಮುಂದೆ ಆತ ಅವರ ಬೀದಿಯಲ್ಲೇ ಕೋಣೆ ಬಾಡಿಗೆ ಹಿಡಿದ. ಸಂಜೆ ಹುಡುಗರು ಬಂದು ಚೆಸ್ ಆಡಬಹುದಿತ್ತು. 1932ರಲ್ಲಿ ಅವರ ಧರ್ಮದೀಕ್ಷೆಯ ದಿನ ಸಮೀಪಿಸಿದಾಗ, ಹೊಸ ಬಟ್ಟೆ ಹೊಲಿಸಲು ಗತಿಯಿಲ್ಲದ ಮನೆಗಳೆಂದು ತಿಳಿದು, ಒಂದು ದೊಡ್ಡ ಥಾನು ಬಟ್ಟೆ ಕೊಂಡು ತಂದು ಹುಡುಗರಿಗೆ ಹಂಚಿದ. ಹಬ್ಬಕ್ಕೆ ಮಕ್ಕಳಿಗೆ ಬಟ್ಟೆ ಹೊಂದಿಸಲು ಒದ್ದಾಡಿದ ತಾಯಂದಿರಿಗೆ ಈ ಬಟ್ಟೆಯ ಬೆಲೆ ಗೊತ್ತು.

1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಎರಡೇ ದಿನಗಳ ಮೇಲೆ, ಫೆಬ್ರವರಿ 1ರಂದು, ಬರ್ಲಿನ್ ರೇಡಿಯೋದಲ್ಲಿ ಬೋನ್‌ಹೋಫರನ ಭಾಷಣವಿತ್ತು. ಮೊದಲೇ ಗೊತ್ತುಮಾಡಿದ್ದ ಕಾರ್ಯಕ್ರಮ. ವಿಷಯ, ಯುವಜನರು ಮತ್ತು ನಾಯಕತ್ವ. ನಾಯಕನಾದವನು ತನ್ನ ಅಧಿಕಾರಕ್ಕೆ ಒಂದು ಎಲ್ಲೆಯಿದೆ ಎಂಬುದನ್ನು ತನ್ನನ್ನು ನಂಬಿದವರಿಗೆ ತಾನೇ ತಿಳಿಸಿಹೇಳಬೇಕು. ಜನ ತನ್ನನ್ನು ವಿಗ್ರಹ ಮಾಡಿ ಕೂರಿಸಲು ಬಂದಾಗ ಒಪ್ಪಿಕೊಂಡುಬಿಟ್ಟರೆ ಅವನು ದಾರಿ ತೋರಿಸುವವನಲ್ಲ, ದಾರಿ ತಪ್ಪಿಸುವವನು ಎಂಬುದು ಆತನ ಮಾತಿನ ಸಾರ. ಜರ್ಮನ್ ಭಾಷೆಯಲ್ಲಿ ಈ ಎರಡು ಪದಗಳಿಗೂ ಒಂದೇ ಬೇರು. ಹಿಟ್ಲರನ ಬಿರುದು ಕೂಡ ಅದೇ ಬೇರಿನದು. ಭಾಷಣ ಮುಗಿಯುವ ಮೊದಲೇ ಪ್ರಸಾರ ನಿಂತುಹೋಯಿತು. ಕೊನೆಯ ಮಾತುಗಳು ಗಾಳಿಗೆ ಸೇರಲಿಲ್ಲವಾದ್ದರಿಂದ ತನ್ನನ್ನು ಹೊಸ ನಾಯಕನ ಅಭಿಮಾನಿಯೆಂದು ಜನ ತಿಳಿದುಬಿಟ್ಟಾರೆಂದು ಆತ ಭಾಷಣದ ಪ್ರತಿಗಳನ್ನು ಪರಿಚಿತರಿಗೆ ಕಳಿಸಿಕೊಟ್ಟ.

ಅದೇ ಏಪ್ರಿಲ್ 1ರಂದು ಯಹೂದ್ಯರ ಅಂಗಡಿಗಳಿಗೆ ಬಹಿಷ್ಕಾರ ಸಾರಲಾಯಿತು. ಬಾಗಿಲಲ್ಲಿ ಸಮವಸ್ತ್ರ ತೊಟ್ಟ ಪುಂಡರ ಕಾವಲು. ಬೋನ್‌ಹೋಫರನ ಅಜ್ಜಿ ಯೂಲಿಗೆ ಆಗ ತೊಂಬತ್ತು ವರ್ಷ. ಆ ಮುದುಕಿ ಕಾವಲಿನವರ ನಡುವೆಯೇ ನಡೆದು ಒಳಹೊಕ್ಕು ತನಗೆ ಬೇಕಾದ್ದನ್ನು ಕೊಂಡು ಬಂದಳು. ಅದು ಅವಳು ದಿನವೂ ಹೋಗುವ ಅಂಗಡಿ, ಹೋದಳು, ಅಷ್ಟೆ. ದೊಡ್ಡ ದೊಡ್ಡ ಧರ್ಮಪಂಡಿತರು ಹೌದೋ ಅಲ್ಲವೋ ಎಂದು ಮೀಸೆ ತಿರುವುತ್ತ ಕುಳಿತಿದ್ದಾಗ ಈ ಅಜ್ಜಿಗೆ ಎಷ್ಟು ಸ್ಪಷ್ಟವಾಗಿತ್ತು ನೋಡಿ!

ಮೊಮ್ಮಗನಿಗೆ ಆ ಸ್ಪಷ್ಟತೆ ಇನ್ನೂ ಬಂದಿರಲಿಲ್ಲ. ಸಬೀನೆಯ ಗಂಡ ಗೆರ್‌ಹಾರ್ಡ್ ಲೈಬ್‌ಹೋಲ್ಜ್ ಯಹೂದಿ ಮನೆತನದವನು. ಅದೇ ಏಪ್ರಿಲಿನಲ್ಲಿ ಆತನ ತಂದೆ ತೀರಿಕೊಂಡ. ಶವಸಂಸ್ಕಾರದ ಪ್ರಾರ್ಥನೆಯನ್ನು ನೀನೇ ನಡೆಸಿಕೊಡು ಎಂದು ತಂಗಿಯ ಮನೆಯವರು ಬೋನ್‌ಹೋಫರನನ್ನು ಕೇಳಿಕೊಂಡರು. ತೀರಿಕೊಂಡವರು ಕ್ರೈಸ್ತರಲ್ಲ, ಈಗಿನ ಸಂದರ್ಭದಲ್ಲಿ ಬೇಡ ಎಂದು ಮೇಲಧಿಕಾರಿ ಸಲಹೆ ಕೊಟ್ಟ. ಬೋನ್‌ಹೋಫರ್ ಹೋಗಲಿಲ್ಲ. ನವೆಂಬರಿನಲ್ಲಿ ತಂಗಿಯ ಮನೆಗೆ ಪತ್ರ ಬರೆದು, ತಾನೇಕೆ ಅಷ್ಟು ಹೆದರಿದೆನೋ ತಿಳಿಯದು, ಕ್ಷಮಿಸಬೇಕು ಎಂದು ಬೇಡಿಕೊಂಡ. ಮುಂದೆ ಆತ ತೋರಿದ ಧೈರ್ಯಕ್ಕೆ ಈ ಹಿಂಜರಿಕೆಯೇ ಒಂದು ಬೀಜವಾಯಿತೆಂದು ನನಗನ್ನಿಸುತ್ತದೆ. ನಿಯಮದ ಮರೆಯಲ್ಲಿ ನಿಂತು ಸ್ವಂತ ತಂಗಿಯ ಮನೆಯ ದುಃಖಕ್ಕೆ ಬೆನ್ನು ತಿರುಗಿಸಿದ ನೆನಪು ಸುಲಭವಾಗಿ ಮಾಸುವಂಥದಲ್ಲ.

ಆ ವರ್ಷ ಚರ್ಚಿನಲ್ಲಿ ನಡೆದದ್ದಾದರೂ ಏನು? ಯಹೂದಿ ಮೂಲದವರು ಸರ್ಕಾರಿ ನೌಕರಿಯಲ್ಲಿರಕೂಡದೆಂಬ ಕಾನೂನು ಏಪ್ರಿಲಿನಲ್ಲಿ ಬಂತು. ಹಿಟ್ಲರನ ಪಕ್ಷಪಾತಿಗಳಾದ ಪಾದ್ರಿಗಳು ಅದನ್ನೇ ಚರ್ಚಿಗೂ ತಂದರು. ಸೆಪ್ಟೆಂಬರಿನಲ್ಲಿ ಪ್ರಷ್ಯದ ಚರ್ಚಿನ ಮಹಾಸಭೆ ಅದನ್ನು ಅಂಗೀಕರಿಸಿತು. ಅನೇಕ ಪ್ರತಿನಿಧಿಗಳು ಸಮವಸ್ತ್ರದಲ್ಲೇ ಬಂದು ಕುಳಿತಿದ್ದರು. ಇದನ್ನು ಒಪ್ಪದವರು ಮಾರ್ಟಿನ್ ನೀಮೊಲರ್ ಎಂಬ ಪಾದ್ರಿಯ ಸುತ್ತ ಒಟ್ಟುಗೂಡಿದರು. 1934ರ ಮೇ ಕೊನೆಯಲ್ಲಿ ಬಾರ್ಮೆನ್ ಎಂಬ ಊರಿನಲ್ಲಿ ಸೇರಿ ಒಂದು ಘೋಷಣೆಯನ್ನು ಹೊರಡಿಸಿದರು. ಚರ್ಚಿನ ಹುದ್ದೆಗಳಿರುವುದು ಒಬ್ಬರು ಇನ್ನೊಬ್ಬರ ಮೇಲೆ ದೊರೆತನ ನಡೆಸಲಿಕ್ಕಲ್ಲ; ಇಡೀ ಸಭೆಗೆ ಒಪ್ಪಿಸಿರುವ ಸೇವೆಯನ್ನು ನಡೆಸಲಿಕ್ಕೆ ಎಂಬುದು ಅದರ ಆರು ಅಂಶಗಳಲ್ಲಿ ಒಂದು. ಒಳ್ಳೆಯ ಮಾತು. ಆದರೆ ಆ ಸಭೆಯಲ್ಲಿದ್ದ 139 ಪ್ರತಿನಿಧಿಗಳಲ್ಲಿ ಹೆಂಗಸು ಒಬ್ಬಳೇ ಒಬ್ಬಳು. ಇದನ್ನು ಇಲ್ಲಿ ಗುರುತು ಹಾಕಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಬೋನ್‌ಹೋಫರ್ ಆಗ ಲಂಡನ್ನಿನಲ್ಲಿ ಜರ್ಮನ್ ಸಭೆಗಳ ಪಾದ್ರಿಯಾಗಿದ್ದ. ಆತನ ಮನಸ್ಸು ಮಾತ್ರ ಭಾರತದ ಕಡೆ ಎಳೆಯುತ್ತಿತ್ತು. ಗಾಂಧೀಜಿಯ ಆಶ್ರಮದಲ್ಲಿ ಕೆಲವು ಕಾಲ ಇದ್ದು, ಪ್ರಾರ್ಥನೆ, ದುಡಿಮೆ, ಪ್ರತಿಭಟನೆ ಮೂರೂ ಹೇಗೆ ಒಂದೇ ಬದುಕಿನಲ್ಲಿ ಕೂಡಿಬರುತ್ತವೆ ಎಂದು ಕಣ್ಣಾರೆ ಕಾಣಬೇಕೆಂಬ ಆಸೆ. ಬಹಳ ಹಿಂದೆಯೇ ಭಾರತವನ್ನು ನೋಡಿ ಬಾ ಎಂದು ಹುರಿದುಂಬಿಸಿದವಳು ಅದೇ ಅಜ್ಜಿ. 1934ರ ಅಕ್ಟೋಬರಿನಲ್ಲಿ ಆತ ಗಾಂಧೀಜಿಗೆ ಪತ್ರ ಬರೆದ. ಬಹುಕಾಲ ಕಳೆದೇಹೋಗಿದೆಯೆಂದು ತಿಳಿದಿದ್ದ ಆ ಪತ್ರ ಈಚಿನ ವರ್ಷಗಳಲ್ಲಿ ಸಿಕ್ಕಿದೆ. ನವೆಂಬರ್ 1ರಂದು ಗಾಂಧೀಜಿ ಉತ್ತರ ಬರೆದು, ಬನ್ನಿ, ನಾನು ಜೈಲಿನ ಹೊರಗಿದ್ದರೆ ನನ್ನ ಜೊತೆಯಲ್ಲೇ ಇರಬಹುದು ಎಂದು ಆಹ್ವಾನಿಸಿದರು. ಆದರೆ ಆ ಪ್ರಯಾಣ ಕೂಡಿಬರಲಿಲ್ಲ. ವಿರೋಧಿ ಪಾದ್ರಿಗಳ ಚರ್ಚು ತನ್ನದೇ ಆದ ಪಾಠಶಾಲೆಗಳನ್ನು ತೆರೆಯಲು ನಿರ್ಧರಿಸಿ, ಒಂದರ ಹೊಣೆ ವಹಿಸಿಕೊಳ್ಳಲು ಕರೆಯಿತು. ವಿಶ್ವವಿದ್ಯಾಲಯದ ಓದು ಮುಗಿಸಿದ ತರುಣರನ್ನು ಪಾದ್ರಿಯ ಕೆಲಸಕ್ಕೆ ತಯಾರು ಮಾಡುವ ಶಾಲೆ ಅದು.

1935ರ ಏಪ್ರಿಲ್ 26ರಂದು ಬಾಲ್ಟಿಕ್ ಸಮುದ್ರದ ದಂಡೆಯ ಝಿಂಗ್ಸ್ಟ್ ಎಂಬಲ್ಲಿ, ಇಪ್ಪತ್ತಮೂರು ವಿದ್ಯಾರ್ಥಿಗಳೊಡನೆ ಅದು ಶುರುವಾಯಿತು. ಬೇಸಿಗೆ ಬಂದೊಡನೆ ಅಲ್ಲಿಂದ ಹೊರಡಬೇಕಾಯಿತು. ಜೂನ್‌ನಲ್ಲಿ ಸ್ಟೆಟಿನ್ ನಗರದ ಬಳಿಯ ಫಿಂಕೆನ್‌ವಾಲ್ಡೆ ಎಂಬ ಊರಿನಲ್ಲಿ ಒಂದು ಹಳೆಯ ದೊಡ್ಡ ಮನೆ ಸಿಕ್ಕಿತು. ಮನೆಯೇನೋ ದೊಡ್ಡದು, ಒಳಗೆ ಖಾಲಿ. ಮಂಚವಿಲ್ಲ, ಕುರ್ಚಿಯಿಲ್ಲ. ಹುಡುಗರು ಪ್ರಾಸಬದ್ಧ ಪದ್ಯ ಕಟ್ಟಿ ಬೇಡಿಕೆಯ ಪತ್ರ ಕಳಿಸಿದರು. ಸುತ್ತಲಿನ ಸಭೆಗಳಿಂದ ಪೀಠೋಪಕರಣ ಬಂತು, ದವಸ ಬಂತು. ಒಂದು ದಿನ ರೈಲು ನಿಲ್ದಾಣದಿಂದ ದೂರವಾಣಿ ಕರೆ: ಪಾದ್ರಿ ಬೋನ್‌ಹೋಫರರ ಹೆಸರಿಗೆ ಜೀವಂತ ಹಂದಿಯೊಂದು ಬಂದಿದೆ, ಬಂದು ಬಿಡಿಸಿಕೊಂಡು ಹೋಗಿ! ಸ್ಟೆಟಿನ್ನಿನಲ್ಲಿ ಮೊಮ್ಮಕ್ಕಳನ್ನು ಇಟ್ಟುಕೊಂಡು ಓದಿಸುತ್ತಿದ್ದ ರುತ್ ಫಾನ್ ಕ್ಲೈಸ್ಟ್-ರೆಟ್ಸೋವ್ ಎಂಬ ಜಮೀನ್ದಾರ ಮನೆತನದ ವಿಧವೆ ಭಾನುವಾರಗಳಂದು ಮಕ್ಕಳೊಡನೆ ಅಲ್ಲಿಯ ಪ್ರಾರ್ಥನೆಗೆ ಬರುತ್ತಿದ್ದಳು. ಅರವತ್ತೆಂಟರ ಆ ಹೆಂಗಸು ಪಾಠಶಾಲೆಗೆ ದೊಡ್ಡ ಆಸರೆಯಾದಳು. ಕೊಟ್ಟದ್ದಷ್ಟೇ ಅಲ್ಲ, ಬೋನ್‌ಹೋಫರ್ ಬರೆದದ್ದನ್ನು ಓದಿ ಚರ್ಚೆಯನ್ನೂ ಮಾಡುತ್ತಿದ್ದಳು.

ಪಾಠಶಾಲೆಯ ಮೊದಲ ದಿನಗಳ ಒಂದು ಸಂಗತಿಯನ್ನು ಆತನ ವಿದ್ಯಾರ್ಥಿಗಳು ಮುದುಕರಾದ ಮೇಲೂ ಮರೆಯಲಿಲ್ಲ. ಊಟವಾದ ಮೇಲೆ, ಪಾತ್ರೆ ತೊಳೆಯಲು ಯಾರಾದರೂ ಬನ್ನಿ ಎಂದು ಅಡುಗೆಮನೆಯಿಂದ ಕೂಗು ಬಂತು. ಯಾರೂ ಏಳಲಿಲ್ಲ. ಎಲ್ಲರೂ ಪದವೀಧರರು, ನಾಳಿನ ಪಾದ್ರಿಗಳು. ಬೋನ್‌ಹೋಫರ್ ಒಂದು ಮಾತೂ ಆಡದೆ ಎದ್ದು ಅಡುಗೆಮನೆಗೆ ಹೋದ. ನಾಚಿಕೊಂಡು ಕೆಲವರು ಹಿಂದೆಯೇ ಓಡಿದರೆ ಬಾಗಿಲಿಗೆ ಒಳಗಿನಿಂದ ಅಗುಳಿ! ಪಾತ್ರೆಗಳನ್ನೆಲ್ಲ ತಾನೇ ತೊಳೆದು ಹೊರಬಂದ. ಆಮೇಲೆ ಆ ವಿಷಯ ಎತ್ತಲೂ ಇಲ್ಲ.

ಗಂಡಸೊಬ್ಬ ಒಂದು ದಿನ ಪಾತ್ರೆ ತೊಳೆದರೆ ಇತಿಹಾಸವಾಗುತ್ತದೆ, ನಾವು ದಿನವೂ ತೊಳೆದರೆ ಸುದ್ದಿಯಲ್ಲ ಎಂದು ನೀವು ನಗಬಹುದು. ನಾನೂ ನಕ್ಕೆ. ಆದರೂ ಆತ ಅಗುಳಿ ಹಾಕಿಕೊಂಡದ್ದರಲ್ಲಿ ಒಂದು ಅರ್ಥವಿದೆ. ಬಾಗಿಲು ತೆರೆದಿದ್ದರೆ ನಾಲ್ವರು ಬಂದು ಕೈಯಿಂದ ಪಾತ್ರೆ ಕಿತ್ತುಕೊಂಡು, ನೀವು ಕೂತುಕೊಳ್ಳಿ ಸ್ವಾಮಿ ಎನ್ನುತ್ತಿದ್ದರು. ದೊಡ್ಡವರು ಸೌಟು ಮುಟ್ಟಿದಂತೆ ಮಾಡಿ ಫೋಟೋ ತೆಗೆಸಿಕೊಳ್ಳುವುದನ್ನು ನಾವು ಕಂಡಿಲ್ಲವೇ? ಇಲ್ಲಿ ಹಾಗಾಗಲಿಲ್ಲ. ಕೆಲಸ ಪೂರ್ತಿ ಮುಗಿಯಿತು, ನೋಡುವವರು ಯಾರೂ ಇರಲಿಲ್ಲ.

ಮನೆಗೆ ಆತ ಮಾಡಿದ ಇನ್ನೊಂದು ನಿಯಮ ಇದಕ್ಕಿಂತ ಕಠಿಣ. ಯಾರ ಬಗ್ಗೆಯೂ ಅವರ ಹಿಂದೆ ಮಾತಾಡಕೂಡದು. ಅಕಸ್ಮಾತ್ ಆಡಿಬಿಟ್ಟರೆ, ನಿನ್ನ ಬಗ್ಗೆ ಹೀಗೆ ಹೇಳಿದೆ ಎಂದು ಅವರಿಗೇ ಹೋಗಿ ತಿಳಿಸಬೇಕು. ಮುಂದೆ ಆತನ ಜೀವನಚರಿತ್ರೆ ಬರೆದ ಶಿಷ್ಯ ಎಬರ್‌ಹಾರ್ಡ್ ಬೆಥ್ಗೆ ಹೇಳುವ ಪ್ರಕಾರ, ಈ ನಿಯಮವನ್ನು ಮುರಿದು, ಮತ್ತೆ ಪಾಲಿಸಲು ಹೊರಟು ಹುಡುಗರು ಕಲಿತದ್ದು ಪ್ರವಚನಗಳಿಂದ ಕಲಿತದ್ದಕ್ಕಿಂತ ಕಡಿಮೆಯೇನಲ್ಲ. ನಾನು ಕಂಡ ಮಹಿಳಾ ಸಮಾಜವೊಂದು ಇಬ್ಭಾಗವಾಯಿತು. ಹಣದ ದುರುಪಯೋಗವಿರಲಿಲ್ಲ, ತತ್ವದ ಜಗಳವೂ ಇರಲಿಲ್ಲ. ಅಧ್ಯಕ್ಷೆ ಎದ್ದುಹೋದೊಡನೆ ಅವರ ಬಗ್ಗೆ, ಕಾರ್ಯದರ್ಶಿ ಎದ್ದುಹೋದೊಡನೆ ಅವರ ಬಗ್ಗೆ ನಡೆದ ಮಾತು; ಅದು ಬಾಯಿಂದ ಬಾಯಿಗೆ ಹೋಗಿ ಬೆಳೆದು, ಕೊನೆಗೆ ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿ ಬಂತು. ಯಾರೂ ಕೆಟ್ಟವರಾಗಿರಲಿಲ್ಲ. ಆಡಿದ್ದನ್ನು ಅವರ ಮುಂದೆಯೇ ಹೇಳಬೇಕೆಂಬ ಕಟ್ಟಳೆ ಒಂದಿದ್ದರೆ ಮುಕ್ಕಾಲು ಮಾತು ಹುಟ್ಟುತ್ತಲೇ ಇರಲಿಲ್ಲ.

ಫಿಂಕೆನ್‌ವಾಲ್ಡೆಯ ದಿನಚರಿ ಪ್ರಾರ್ಥನೆಯಿಂದ ಶುರುವಾಗಿ ಪ್ರಾರ್ಥನೆಯಲ್ಲಿ ಮುಗಿಯುತ್ತಿತ್ತು. ಊಟದ ಮೇಜಿನ ಸುತ್ತಲೇ ಕೀರ್ತನೆಗಳ ಪಠಣ, ಬೈಬಲ್ ಓದು, ಹಾಡು. ಬಳಿಕ ಪ್ರತಿಯೊಬ್ಬರೂ ಅರ್ಧ ಗಂಟೆ ಮೌನವಾಗಿ ಕುಳಿತು ಒಂದು ವಚನವನ್ನು ಧ್ಯಾನಿಸಬೇಕು. ಅಭ್ಯಾಸವಿಲ್ಲದ ತರುಣರು ಗೊಣಗಿದರು. ಕೆಲವರಿಗೆ ನಿದ್ದೆ, ಕೆಲವರಿಗೆ ಬೇಸರ. ಗೊಣಗಾಟವನ್ನು ಎಲ್ಲರೂ ಕೂಡಿ ಚರ್ಚಿಸಿದರೇ ಹೊರತು ಅಭ್ಯಾಸ ಬಿಡಲಿಲ್ಲ. ಮಧ್ಯಾಹ್ನ ಆಟ, ಈಜು, ಸಂಗೀತ. ಅಮೆರಿಕದ ಹಾರ್ಲೆಮ್‌ನಲ್ಲಿ ಕರಿಯರ ಚರ್ಚಿಗೆ ಹೋಗುತ್ತಿದ್ದ ಕಾಲದಲ್ಲಿ ಬೋನ್‌ಹೋಫರ್ ತಂದಿದ್ದ ಅವರ ಭಕ್ತಿಗೀತೆಗಳ ಗ್ರಾಮಫೋನ್ ತಟ್ಟೆಗಳು ಆ ಮನೆಯಲ್ಲಿ ಮೊಳಗುತ್ತಿದ್ದವು. ಹೊರಗಿನವರು ಇದೇನು ಸನ್ಯಾಸಿಗಳ ಮಠವೋ ಎಂದು ಮೂಗು ಮುರಿದರು. ಹಿರಿಯ ಧರ್ಮಪಂಡಿತ ಕಾರ್ಲ್ ಬಾರ್ಟ್ ಕೂಡ ತನ್ನ ಶಂಕೆಯನ್ನು ಪತ್ರದಲ್ಲಿ ತಿಳಿಸಿದ. ಪವಿತ್ರ ಭೋಜನಕ್ಕೆ ಮುಂಚೆ ಒಬ್ಬರೊಡನೊಬ್ಬರು ಮನಸ್ತಾಪ ತೀರಿಸಿಕೊಳ್ಳಬೇಕು, ತನ್ನ ತಪ್ಪನ್ನು ಇನ್ನೊಬ್ಬ ಸಹೋದರನ ಮುಂದೆ ಬಾಯಿಬಿಟ್ಟು ಹೇಳಬೇಕು ಎಂಬುದಂತೂ ಪ್ರಾಟೆಸ್ಟಂಟರಿಗೆ ತೀರ ಹೊಸದು. ಇದರಿಂದ ಗುರುವಿಗೂ ವಿನಾಯಿತಿ ಇರಲಿಲ್ಲ. ಆತ ತನ್ನ ತಪ್ಪುಗಳನ್ನು ತನಗಿಂತ ಚಿಕ್ಕವನಾದ ಶಿಷ್ಯನ ಮುಂದೆ ಹೇಳಿಕೊಂಡ.

ಇದೆಲ್ಲ ನಡೆದದ್ದು ಕಾನೂನಿನ ಕತ್ತಿಯ ಕೆಳಗೆ. 1935ರ ಡಿಸೆಂಬರಿನಲ್ಲಿ ಬಂದ ಆಜ್ಞೆ ಇಂಥ ಪಾಠಶಾಲೆಗಳನ್ನು ಅಕ್ರಮವೆಂದಿತು. ಇಲ್ಲಿ ಕಲಿತವರಿಗೆ ಸರ್ಕಾರ ಒಪ್ಪಿದ ಸಭೆಯಿಲ್ಲ, ಸಂಬಳವಿಲ್ಲ, ನೆಚ್ಚಿ ಮದುವೆಯಾಗುವ ಹೆಣ್ಣಿಗೆ ಭದ್ರತೆಯಿಲ್ಲ. ಆದರೂ ಐದು ತಂಡಗಳು ಅಲ್ಲಿ ಕಲಿತು ಹೊರಟವು. 1937ರ ಜುಲೈ 1ರಂದು ನೀಮೊಲರ್‌ನ ಬಂಧನವಾಯಿತು. ಸೆಪ್ಟೆಂಬರ್ 28ರಂದು ಗುಪ್ತ ಪೊಲೀಸರು ಬಂದು ಫಿಂಕೆನ್‌ವಾಲ್ಡೆಯ ಮನೆಗೆ ಬೀಗ ಹಾಕಿದರು. ಆ ವರ್ಷ ಮುಗಿಯುವುದರೊಳಗೆ ಅಲ್ಲಿ ಕಲಿತ 27 ಜನ ಸೆರೆಮನೆ ಕಂಡರು. ಬೋನ್‌ಹೋಫರ್ ಹಳ್ಳಿಯ ಪಾದ್ರಿಮನೆಗಳಲ್ಲಿ ಹುಡುಗರನ್ನು ಗುಟ್ಟಾಗಿ ಇರಿಸಿ 1940ರವರೆಗೂ ಪಾಠ ಮುಂದುವರಿಸಿದ.

1938ರ ಸೆಪ್ಟೆಂಬರ್ 9ರಂದು ಸಬೀನೆ, ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಗಟಿಂಗೆನ್ ಪಟ್ಟಣದ ತನ್ನ ಮನೆಯನ್ನು ಬಿಟ್ಟು ಹೊರಟಳು. ರಜೆಗೆ ಹೋಗುವವರಂತೆ ಹೊರಟು ಗಡಿ ದಾಟಿ ಸ್ವಿಟ್ಜರ್ಲೆಂಡ್ ಸೇರಿದರು, ಅಲ್ಲಿಂದ ಇಂಗ್ಲೆಂಡ್. ಅಣ್ಣ ಮತ್ತು ಬೆಥ್ಗೆ ಕಾರಿನಲ್ಲಿ ಅರ್ಧದಾರಿಯವರೆಗೆ ಜೊತೆಗೆ ಹೋಗಿ ಬೀಳ್ಕೊಟ್ಟರು. ಆಮೇಲೆ ಅವರಿಬ್ಬರೂ ಅದೇ ಖಾಲಿ ಮನೆಗೆ ಬಂದು ಉಳಿದರು. ಅಲ್ಲಿ ಕುಳಿತು ನಾಲ್ಕೇ ವಾರಗಳಲ್ಲಿ ಬೋನ್‌ಹೋಫರ್ ಒಂದು ಸಣ್ಣ ಪುಸ್ತಕ ಬರೆದ. ಫಿಂಕೆನ್‌ವಾಲ್ಡೆಯಲ್ಲಿ ಕಲಿತದ್ದರ ಲೆಕ್ಕವೇ ಅದು. 1939ರಲ್ಲಿ ಅಚ್ಚಾಯಿತು. ಕೂಡಿ ಬಾಳುವುದು ಎಂಬ ಅರ್ಥದ ಹೆಸರು. ಕೂಡಿ ಬಾಳಲು ಬಿಡದೆ ಓಡಿಸಲ್ಪಟ್ಟ ಕುಟುಂಬದ ಕುರ್ಚಿ ಮೇಜುಗಳ ನಡುವೆ ಅದನ್ನು ಬರೆದನಲ್ಲ ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ.

ಆ ಪುಸ್ತಕದ ಮಾತುಗಳನ್ನು ನನಗೆ ತಿಳಿದಂತೆ ಹೇಳುತ್ತೇನೆ. ಒಂದು ಸಮುದಾಯ ಹೀಗೇ ಇರಬೇಕೆಂಬ ಕನಸನ್ನು ತಲೆಯಲ್ಲಿ ಹೊತ್ತು ಬಂದವನು, ಎಷ್ಟೇ ಒಳ್ಳೆಯವನಾಗಲಿ, ಕೊನೆಗೆ ಅದನ್ನು ಒಡೆಯುತ್ತಾನೆ. ಎದುರಿಗಿರುವ ಮನುಷ್ಯರು ಆತನ ಕನಸಿನಂತಿಲ್ಲ. ಮೊದಲು ಅವರನ್ನು ದೂರುತ್ತಾನೆ, ಆಮೇಲೆ ದೇವರನ್ನು, ಕೊನೆಗೆ ತನ್ನನ್ನೇ. ಆದ್ದರಿಂದ ಭ್ರಮೆ ಬೇಗ ಒಡೆದಷ್ಟೂ ಕ್ಷೇಮ. ಹೊಸ ಸಂಸಾರಕ್ಕೆ ಕಾಲಿಟ್ಟ ಹುಡುಗಿಗೆ ಯಾವ ಹಿರಿಯಳಾದರೂ ಹೇಳುವ ಮಾತಲ್ಲವೇ ಇದು? ಒಂಟಿಯಾಗಿ ಇರಲಾರದವನು ಗುಂಪಿನ ಬಗ್ಗೆ ಎಚ್ಚರವಾಗಿರಬೇಕು, ಗುಂಪಿನಲ್ಲಿ ಇರಲಾರದವನು ಒಂಟಿತನದ ಬಗ್ಗೆ ಎಚ್ಚರವಾಗಿರಬೇಕು ಎಂಬುದು ಇನ್ನೊಂದು ವಿಚಾರ. ದುರ್ಬಲರನ್ನು, ಉಪಯೋಗಕ್ಕೆ ಬಾರದವರೆನಿಸಿದವರನ್ನು ಹೊರಗಿಟ್ಟ ದಿನವೇ ಸಮುದಾಯ ಸಾಯತೊಡಗುತ್ತದೆ ಎಂದೂ ಹೇಳುತ್ತಾನೆ. ಇದನ್ನು ಬರೆದದ್ದು ಯಾವ ದೇಶದಲ್ಲಿ, ಯಾವ ವರ್ಷದಲ್ಲಿ ಎಂದು ನೆನೆಯಿರಿ.

ನಾಯಕತ್ವದ ಬಗ್ಗೆ ಆತನ ನಿಲುವು ಖಚಿತ. ವರ್ಚಸ್ಸು, ಮಾತಿನ ಮೋಡಿ, ತೇಜಸ್ಸು ಎಂದು ಜನ ಹಂಬಲಿಸುವುದು ಚರ್ಚಿಗೆ ಹಿಡಿದ ರೋಗ. ಕೇಳುವುದು, ನೆರವಾಗುವುದು, ಇನ್ನೊಬ್ಬರ ಭಾರ ಹೊರುವುದು ಈ ಮೂರನ್ನು ಮಾಡುವವನ ಮಾತಿಗೆ ಮಾತ್ರ ತೂಕ ಬರುತ್ತದೆ. ಕೇಳುವುದನ್ನು ಆತ ಮೊದಲು ಇಟ್ಟಿದ್ದಾನೆ. ಪಾದ್ರಿಗಳು ಕೇಳಬೇಕಾದ ಕಡೆ ತಾವೇ ಮಾತಾಡುತ್ತಾರೆ. ತನ್ನ ಮಾತು ಕೇಳುವ ಕಿವಿಗಾಗಿ ಹುಡುಕುವ ಮನುಷ್ಯ ಚರ್ಚಿನಲ್ಲಿ ಅದು ಸಿಗದೆ ಬೇರೆ ಕಡೆ ಹೋಗುತ್ತಾನೆ ಎಂದು ತನ್ನ ಜಾತಿಯವರನ್ನೇ ಚುಚ್ಚುತ್ತಾನೆ. ನಮ್ಮ ಮುಖ್ಯ ಕೆಲಸದ ನಡುವೆ ಯಾರಾದರೂ ಬಂದು ಅಡ್ಡಿಪಡಿಸಿದರೆ ಆ ಅಡ್ಡಿಯನ್ನೂ ದೇವರ ಕರೆಯೆಂದು ತಿಳಿಯಬೇಕಂತೆ. ಒಲೆಯ ಮೇಲೆ ಹಾಲಿಟ್ಟು, ಬಾಗಿಲಿಗೆ ಬಂದ ನೆರೆಯವಳ ಕಷ್ಟ ಕೇಳಿದ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿಗೆ ಕಥೆ ಮುಗಿಸಿದರೆ ಚೆನ್ನಾಗಿಯೇ ಇರುತ್ತದೆ. ಆದರೆ ಆ ಚರ್ಚು ಯಾರ ಮಾತನ್ನು ಕೇಳಿತು, ಯಾರದನ್ನು ಕೇಳಲಿಲ್ಲ ಎಂದು ನೋಡದಿದ್ದರೆ ಕಥೆ ಅರ್ಧವಾಗುತ್ತದೆ. ಬರ್ಲಿನ್ನಿನಲ್ಲಿ ಎಲಿಜಬೆತ್ ಶ್ಮಿಟ್ಜ್ ಎಂಬ ಪ್ರೌಢಶಾಲಾ ಶಿಕ್ಷಕಿಯಿದ್ದಳು. ಹಿಟ್ಲರನನ್ನು ವಿರೋಧಿಸುವ ಚರ್ಚಿನ ಸದಸ್ಯೆ. ನಮ್ಮ ಹುದ್ದೆ, ನಮ್ಮ ಆಡಳಿತ ಎಂದು ಪಾದ್ರಿಗಳು ಹೋರಾಡುತ್ತಿದ್ದಾಗ ಆಕೆ ಕೇಳಿದ್ದು, ನಮ್ಮ ನೆರೆಯ ಯಹೂದ್ಯರ ಗತಿಯೇನು ಎಂದು. ಶಾಲೆಯಲ್ಲಿ ಅವಮಾನಕ್ಕೊಳಗಾದ ಮಕ್ಕಳು, ಕೆಲಸ ಕಳೆದುಕೊಂಡ ತಂದೆಯರು, ಊರುಗಳಲ್ಲಿ ನಡೆಯುತ್ತಿದ್ದ ಹಿಂಸೆ ಎಲ್ಲವನ್ನೂ ದಾಖಲೆ ಸಹಿತ ಕೂಡಿಸಿ 1935ರಲ್ಲಿ ಒಂದು ಮನವಿ ಬರೆದಳು. 1936ರಲ್ಲಿ ಅದಕ್ಕೆ ಅನುಬಂಧ ಸೇರಿಸಿದಳು. ಹೆಸರು ಹಾಕದೆ, ಸುಮಾರು 200 ಪ್ರತಿಗಳನ್ನು ತಾನೇ ತಯಾರಿಸಿ ಚರ್ಚಿನ ಮುಖಂಡರಿಗೆ ಹಂಚಿದಳು. ಚರ್ಚು ಬಹಿರಂಗವಾಗಿ ಬಾಯಿ ಬಿಡಲಿಲ್ಲ. 1938ರ ನವೆಂಬರಿನಲ್ಲಿ ಯಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದ ಮೇಲೆ, ಈ ಸರ್ಕಾರ ಹೇಳಿದಂತೆ ಪಾಠ ಮಾಡಲಾರೆ ಎಂದು ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ತನ್ನ ಮನೆಯಲ್ಲಿ ಯಹೂದ್ಯರನ್ನು ಅಡಗಿಸಿಟ್ಟಳು. ಯುದ್ಧ ಮುಗಿದ ಮೇಲೆ ಮತ್ತೆ ಶಿಕ್ಷಕಿಯಾದಳು, ತಾನು ಮಾಡಿದ್ದನ್ನು ಎಲ್ಲೂ ಹೇಳಿಕೊಳ್ಳಲಿಲ್ಲ. 1977ರಲ್ಲಿ ತೀರಿಕೊಂಡಾಗ ಶವಸಂಸ್ಕಾರಕ್ಕೆ ಬಂದವರು ಏಳೇ ಜನ. ಆ ಮನವಿಯನ್ನು ಬರೆದವಳು ಬೇರೊಬ್ಬಳೆಂದೇ ದಶಕಗಳ ಕಾಲ ನಂಬಲಾಗಿತ್ತು. ಆಕೆಯ ಹೆಸರು ಬೆಳಕಿಗೆ ಬಂದದ್ದು 1999ರಲ್ಲಿ. 2004ರಲ್ಲಿ ಹಾನೌ ಎಂಬ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಸಿಕ್ಕ ಚೀಲವೊಂದರಲ್ಲಿ ಆಕೆಯ ಕೈಬರಹದ ಕರಡು ದೊರೆಯಿತು.

ಬೋನ್‌ಹೋಫರನ ಪುಸ್ತಕದಲ್ಲಿ ಪುಟಪುಟಕ್ಕೂ ಬರುವ ಪದ ಸಹೋದರ. ಸಹೋದರಿಯರ ಸುದ್ದಿಯಿಲ್ಲ. ಗಂಡುಮಕ್ಕಳ ಪಾಠಶಾಲೆಯ ಪುಸ್ತಕ ತಾನೇ ಎನ್ನಬಹುದು. ಆದರೆ ಧರ್ಮಶಾಸ್ತ್ರ ಓದಿದ ಹೆಣ್ಣುಮಕ್ಕಳು ಆಗಲೂ ಇದ್ದರು. ಪಾದ್ರಿಗಳು ಸೆರೆಮನೆಗೋ ಯುದ್ಧಕ್ಕೋ ಹೋದಾಗ ಖಾಲಿಯಾದ ಸಭೆಗಳನ್ನು ನಡೆಸಿದವರು ಅವರೇ. ಪೂರ್ಣ ಪಾದ್ರಿಯ ದೀಕ್ಷೆ ಮಾತ್ರ ಅವರಿಗಿಲ್ಲ. ಒಂದು ಕೆಳದರ್ಜೆಯ ಆಶೀರ್ವಾದ ಸಾಕೆಂಬ ತೀರ್ಮಾನ. ಇಲ್ಸೆ ಹೆರ್ಟರ್ ಎಂಬಾಕೆ ಅಂಥ ಅರೆದೀಕ್ಷೆ ತನಗೆ ಬೇಡವೆಂದು ನಿರಾಕರಿಸಿದಳು. ಕೊನೆಗೆ 1943ರ ಜನವರಿ 12ರಂದು ಸಾಕ್ಸೆನ್‌ಹೌಸೆನ್‌ನಲ್ಲಿ ಪಾದ್ರಿ ಕುರ್ಟ್ ಷಾರ್ಫ್, ಇಲ್ಸೆಗೂ ಹಾನೆಲೋಟೆ ರೈಫೆನ್‌ಗೂ ಗಂಡಸರಿಗೆ ಕೊಡುವ ಅದೇ ದೀಕ್ಷೆಯನ್ನು ಕೊಟ್ಟ. ಜರ್ಮನಿಯ ಎಲ್ಲ ಪ್ರಾದೇಶಿಕ ಪ್ರಾಟೆಸ್ಟಂಟ್ ಚರ್ಚುಗಳೂ ಹೆಂಗಸರಿಗೆ ಈ ಬಾಗಿಲು ತೆರೆಯಲು 1991ರವರೆಗೆ ಕಾಯಬೇಕಾಯಿತು. ಕಿಟೆಲ್, ಮೋಗ್ಲಿಂಗರ ಬಾಸೆಲ್ ಮಿಷನ್ನಿನ ಸಭೆಗಳು ಬಂದು ಸೇರಿದ ನಮ್ಮ ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಇ. ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಆ ಸಭೆಯ ಮೊದಲ ಮಹಿಳಾ ಬಿಷಪ್ ಅವರು.

ಬೋನ್‌ಹೋಫರನ ಉಳಿದ ಕಥೆ ಪ್ರಸಿದ್ಧವೇ. 1939ರ ಜೂನ್‌ನಲ್ಲಿ ಗೆಳೆಯರು ಆತನನ್ನು ಅಮೆರಿಕಕ್ಕೆ ಕರೆಸಿಕೊಂಡರು. ಸುರಕ್ಷಿತವಾಗಿ ಅಲ್ಲಿಯೇ ಇರಬಹುದಿತ್ತು. ಜುಲೈನಲ್ಲಿ ಹಿಂದಿರುಗಿದ. ಹಿಟ್ಲರನನ್ನು ಕೆಳಗಿಳಿಸುವ ಸಂಚಿನಲ್ಲಿ ಭಾಗಿಯಾದ. 1943ರ ಜನವರಿಯಲ್ಲಿ, ರುತ್ ಅಜ್ಜಿಯ ಮೊಮ್ಮಗಳು ಮರಿಯಾ ಫಾನ್ ವೇಡೆಮೇಯರ್ ಜೊತೆ ಮದುವೆ ನಿಶ್ಚಯವಾಯಿತು. ಏಪ್ರಿಲ್ 5ರಂದು ಬಂಧನವಾಯಿತು. ಸೆರೆಮನೆಯಿಂದ ಬೆಥ್ಗೆಗೆ ಬರೆದ ಪತ್ರಗಳಲ್ಲಿ ಆತನ ವಿಚಾರ ಇನ್ನೂ ಮುಂದೆ ಹೋಯಿತು. ಚರ್ಚು ತನಗಾಗಿ ಅಲ್ಲ, ಹೊರಗಿನವರಿಗಾಗಿ ಇದ್ದಾಗ ಮಾತ್ರ ಚರ್ಚು. ತನ್ನ ಆಸ್ತಿಯನ್ನೆಲ್ಲ ಇಲ್ಲದವರಿಗೆ ಕೊಟ್ಟು ಅದು ಹೊಸದಾಗಿ ಶುರುಮಾಡಬೇಕು. ಪಾದ್ರಿಗಳು ಜನ ಮನಸ್ಸಿನಿಂದ ಕೊಟ್ಟದ್ದರಲ್ಲೋ ಬೇರೆ ದುಡಿಮೆಯಲ್ಲೋ ಬದುಕಬೇಕು ಎಂದು ಯೋಚಿಸಿದ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಆತನನ್ನು ಗಲ್ಲಿಗೇರಿಸಿದರು. ಅಣ್ಣ ಕ್ಲೌಸ್ ಮತ್ತು ಇಬ್ಬರು ಭಾವಂದಿರನ್ನೂ ಅದೇ ಏಪ್ರಿಲಿನಲ್ಲಿ ಕೊಂದರು. ತಂದೆ ತಾಯಿಗೆ ಡೀಟ್ರಿಖ್‌ನ ಸಾವಿನ ಸುದ್ದಿ ಖಚಿತವಾದದ್ದು ಜುಲೈನಲ್ಲಿ, ಲಂಡನ್ನಿನಿಂದ ರೇಡಿಯೋದಲ್ಲಿ ಬಂದ ಸ್ಮರಣೆಯ ಪ್ರಾರ್ಥನೆಯ ಮೂಲಕ.

ಫಿಂಕೆನ್‌ವಾಲ್ಡೆ ಇಂದು ಪೋಲೆಂಡಿನಲ್ಲಿದೆ, ಹೆಸರೂ ಬದಲಾಗಿದೆ. ಅಲ್ಲಿ ಕಲಿತ ಹುಡುಗರಲ್ಲಿ ಅನೇಕರು ಯುದ್ಧದಲ್ಲಿ ಸತ್ತರು. ಎರಡೂವರೆ ವರ್ಷದ ಆ ಮನೆ ಹಿಟ್ಲರನನ್ನು ತಡೆಯಲಿಲ್ಲ, ಚರ್ಚನ್ನು ಪೂರ್ತಿ ಎಚ್ಚರಿಸಲೂ ಇಲ್ಲ. ಆದರೆ ಅಲ್ಲಿಂದ ಬಂದ ಸಣ್ಣ ಪುಸ್ತಕವನ್ನು ಹಲವು ದೇಶಗಳ ಪಾದ್ರಿಗಳು, ಕನ್ಯಾಮಠಗಳ ಸೋದರಿಯರು, ಯಾವ ಮಠಕ್ಕೂ ಸೇರದ ಸಂಸಾರಸ್ಥರು ಇಂದಿಗೂ ಓದುತ್ತಿದ್ದಾರೆ. ಅದರ ಪಕ್ಕದಲ್ಲೇ ಎಲಿಜಬೆತ್ ಶ್ಮಿಟ್ಜ್‌ಳ ಮನವಿಯನ್ನೂ ಇಟ್ಟು ಓದಬೇಕೆಂದು ನನ್ನ ಆಸೆ. ಕೇಳುವುದೇ ಮೊದಲ ಸೇವೆ ಎಂದು ಒಬ್ಬ ಪಾದ್ರಿ ಬರೆಯುವ ಮೂರು ವರ್ಷ ಮುಂಚೆಯೇ, ಅದೇ ಚರ್ಚಿನ ಒಬ್ಬ ಮೇಡಂ ಹೇಳಬೇಕಾದ್ದನ್ನೆಲ್ಲ ಹೇಳಿ, ಯಾರಾದರೂ ಕೇಳಿಯಾರೆಂದು ಕಾದಿದ್ದಳು.